ದಮ್ಮಿನ ಪಂಪು: ಔಷಧ ಪುಪ್ಪಸ ಮುಟ್ಟುವಂತೆ ಎಳೆದುಕೊಳ್ಳುವುದು ಹೇಗೆ?



ಈ ಪುಸ್ತಿಕೆ ನಿಮ್ಮ ಕೈಗೆ ಬಂದಿದೆ ಎಂದರೆ ನಿಮಗೋ ನಿಮ್ಮ ಮನೆಯ ಹಿರಿಯರಿಗೋ ವೈದ್ಯರು ಇನ್‌ಹೇಲರ್ ಬರೆದುಕೊಟ್ಟಿರಬೇಕು. ನಮ್ಮ ಕಡೆ ಎಲ್ಲರೂ ಇದನ್ನು 'ಪಂಪು' ಎಂದೇ ಕರೆಯುತ್ತಾರೆ. ನಾವೂ ಹಾಗೆಯೇ ಕರೆಯೋಣ. ಉಬ್ಬಸ (ಅಸ್ತಮಾ) ಇರುವವರಿಗೂ, ಬೀಡಿ ಅಥವಾ ಒಲೆಯ ಹೊಗೆಯಿಂದ ವರ್ಷಾನುಗಟ್ಟಲೆ ಕೆಟ್ಟ ಪುಪ್ಪಸಕ್ಕೂ (ಇದನ್ನು ವೈದ್ಯರು ಸಿ.ಓ.ಪಿ.ಡಿ. ಎನ್ನುತ್ತಾರೆ) ಮುಖ್ಯ ಚಿಕಿತ್ಸೆ ಈ ಪಂಪೇ. ಆದರೆ ಮಾತ್ರೆ ನುಂಗಿದಷ್ಟು ಸುಲಭವಾಗಿ ಇದು ಒಳಗೆ ಹೋಗುವುದಿಲ್ಲ. ಇದನ್ನು ಕಲಿಯಬೇಕಾಗುತ್ತದೆ.

"ಪಂಪ್ ಹೊಡದ್ರೂ ದಮ್ಮು ಹಂಗ ಐತ್ರಿ, ಬ್ಯಾರೆ ಏನರ ಕೊಡ್ರಿ" ಎಂಬ ಮಾತು ಹೊರರೋಗಿ ವಿಭಾಗದಲ್ಲಿ ಬಹಳ ಸಲ ಕೇಳಿಬರುತ್ತದೆ. ಹಾಗೆ ಹೇಳಿದವರಿಗೆ, "ಹೆಂಗ ತೊಗೋತೀರಿ, ಒಮ್ಮಿ ತೋರಸ್ರಿ" ಎಂದು ಪಂಪನ್ನು ಕೈಗೆ ಕೊಟ್ಟರೆ ಅನೇಕರಲ್ಲಿ ಕಾರಣ ಅಲ್ಲೇ ಕಣ್ಣಿಗೆ ಬೀಳುತ್ತದೆ. ಬಾಯಿಯಿಂದ, ಮೂಗಿನಿಂದ ಬಿಳಿ ಹೊಗೆಯಂತೆ ಏನೋ ಹೊರಬರುತ್ತದೆ. ಹಾಗೆ ಹೊರಬಂದದ್ದೇ ಔಷಧ. ಹಣ ಕೊಟ್ಟು ತಂದ ಔಷಧ ಗಾಳಿಗೆ ಹೋಗಿದೆ. ಪುಪ್ಪಸಕ್ಕೆ ಏನೂ ಮುಟ್ಟಿಲ್ಲ. ಇಂಥವರಿಗೆ ಬೇರೆ ಔಷಧ ಬರೆಯುವ ಮೊದಲು, ಇದೇ ಔಷಧವನ್ನು ಸರಿಯಾಗಿ ಎಳೆದುಕೊಳ್ಳಲು ಕಲಿಸುವುದು ಒಳ್ಳೆಯದು.

ಔಷಧ ಎಲ್ಲಿಗೆ ಹೋಗಬೇಕು?

ಗಂಟಲಿನಿಂದ ಕೆಳಗಿಳಿಯುವ ಶ್ವಾಸನಾಳ ತಲೆಕೆಳಗಾಗಿ ನಿಲ್ಲಿಸಿದ ಮರದಂತಿದೆ. ದಪ್ಪ ಕಾಂಡ ಎರಡಾಗಿ, ನಾಲ್ಕಾಗಿ, ಕೊನೆಗೆ ಸಾವಿರಾರು ಸಣ್ಣ ಟೊಂಗೆಗಳಾಗಿ ಒಡೆಯುತ್ತದೆ. ಉಬ್ಬಸದಲ್ಲಿ ಈ ಟೊಂಗೆಗಳ ಒಳಗೋಡೆ ಊದಿಕೊಳ್ಳುತ್ತದೆ, ಸುತ್ತಲಿನ ಸ್ನಾಯು ಬಿಗಿಯುತ್ತದೆ, ಕಫ ಅಂಟಿಕೊಳ್ಳುತ್ತದೆ. ಚಿಕಿತ್ಸೆ ಸರಿಯಾದರೆ ಇದು ಬಹುಮಟ್ಟಿಗೆ ಮೊದಲಿನಂತಾಗುತ್ತದೆ. ಸಿ.ಓ.ಪಿ.ಡಿ.ಯಲ್ಲಿ ಹೊಗೆಯಿಂದ ನಾಳಗಳೂ ಗಾಳಿಚೀಲಗಳೂ ಶಾಶ್ವತವಾಗಿ ಕೆಟ್ಟಿರುತ್ತವೆ. ಅದನ್ನು ಪೂರ್ತಿ ಹಿಂದಕ್ಕೆ ತರಲಾಗದು. ಆದರೆ ಉಳಿದಿರುವ ದಾರಿಯನ್ನು ತೆರೆದಿಟ್ಟು, ನಾಲ್ಕು ಹೆಜ್ಜೆ ನಡೆಯುವವರನ್ನು ನಲವತ್ತು ಹೆಜ್ಜೆ ನಡೆಯುವಂತೆ ಮಾಡಬಹುದು. ಒಮ್ಮೆಯೂ ಬೀಡಿ ಮುಟ್ಟದ ತಾಯಂದಿರಿಗೆ ಈ ರೋಗ ಬಂದಾಗ ಮನೆಯವರು ನಂಬುವುದಿಲ್ಲ. ಕಟ್ಟಿಗೆ, ಕುಳ್ಳು, ತೊಗರಿಕಟ್ಟಿಗೆ, ಹತ್ತಿಕಟ್ಟಿಗೆ ಉರಿಸಿ ಮೂವತ್ತು ವರ್ಷ ರೊಟ್ಟಿ ಬಡಿದವರ ಎದೆಯೊಳಗೆ ಸೇರಿದ ಹೊಗೆ ಕಡಿಮೆಯದೇನಲ್ಲ.

ಔಷಧ ಮುಟ್ಟಬೇಕಾದದ್ದು ಈ ಸಣ್ಣ ಟೊಂಗೆಗಳನ್ನು. ಮಾತ್ರೆ ನುಂಗಿದರೆ ಅದು ಹೊಟ್ಟೆಗೆ ಹೋಗಿ, ರಕ್ತದಲ್ಲಿ ಬೆರೆತು, ಮೈಯೆಲ್ಲ ಸುತ್ತಿ, ಕೊನೆಗೆ ಸ್ವಲ್ಪ ಭಾಗ ಮಾತ್ರ ಪುಪ್ಪಸಕ್ಕೆ ಬರುತ್ತದೆ. ಲೆಕ್ಕ ನೋಡಿ: ಸಾಲ್ಬುಟಮಾಲ್ ಎಂಬ ದಮ್ಮಿನ ಔಷಧದ ಒಂದು ಮಾತ್ರೆಯಲ್ಲಿ 4 ಮಿಲಿಗ್ರಾಂ, ಅಂದರೆ 4000 ಮೈಕ್ರೋಗ್ರಾಂ ಇರುತ್ತದೆ. ಅದೇ ಔಷಧ ಪಂಪಿನ ಒಂದು ಸಲದ ಒತ್ತಿಗೆ 100 ಮೈಕ್ರೋಗ್ರಾಂ. ಎರಡು ಸಲ ಒತ್ತಿ ಎಳೆದರೂ ಮಾತ್ರೆಯ ಇಪ್ಪತ್ತನೆಯ ಒಂದು ಭಾಗವಷ್ಟೇ ಆಗುತ್ತದೆ. ಆದರೂ ಅದು ಐದಾರು ನಿಮಿಷದಲ್ಲಿ ದಮ್ಮು ಇಳಿಸುತ್ತದೆ. ಬೇಕಾದ ಜಾಗಕ್ಕೇ ನೇರವಾಗಿ ಹೋಗುವುದೇ ಇದಕ್ಕೆ ಕಾರಣ. ಮಾತ್ರೆಯಿಂದ ಬರುವ ಕೈನಡುಕ, ಎದೆಬಡಿತವೂ ಪಂಪಿನಲ್ಲಿ ಕಡಿಮೆ.

"ಪಂಪಿಗೆ ಚಟ ಬೀಳತೈತಿ" ಎಂಬ ಭಯ

ಪಂಪು ಎಂದ ಕೂಡಲೇ ಮನೆಯವರ ಮುಖ ಬಾಡುವುದನ್ನು ನಾವು ನೋಡಿದ್ದೇವೆ. ರೋಗ ಕೈಮೀರಿದೆ ಎಂದೋ, ಇನ್ನು ಜೀವಮಾನವಿಡೀ ಬಿಡಿಸಲಾಗದ ಚಟ ಎಂದೋ ತಿಳಿಯುತ್ತಾರೆ. ಎರಡೂ ಸರಿಯಲ್ಲ. ಕನ್ನಡಕ ಹಾಕಿದವರಿಗೆ ಕನ್ನಡಕದ ಚಟ ಬಿತ್ತು ಎಂದು ನಾವು ಹೇಳುವುದಿಲ್ಲ. ರೋಗ ಇರುವವರೆಗೆ ಔಷಧ ಬೇಕು, ಅಷ್ಟೇ. ಬಿ.ಪಿ., ಸಕ್ಕರೆ ಕಾಯಿಲೆಯ ಗುಳಿಗೆಯನ್ನು ಯಾರೂ ಚಟ ಎನ್ನುವುದಿಲ್ಲ, ಪಂಪಿಗೆ ಮಾತ್ರ ಈ ಅಪವಾದ. ಇನ್ನು ಪಂಪು ಕೊನೆಯ ಹಂತದ ಚಿಕಿತ್ಸೆಯಲ್ಲ, ಮೊದಲ ಹಂತದ್ದು.

ಮದುವೆಗೆ ಬಂದ ಹೆಣ್ಣುಮಕ್ಕಳು ಪಂಪು ಬಚ್ಚಿಟ್ಟು, ಗಂಡನ ಮನೆಗೆ ಹೋದ ಮೇಲೆ ಔಷಧವನ್ನೇ ಬಿಟ್ಟುಬಿಡುವುದುಂಟು. ಬಿಟ್ಟ ಕೂಡಲೇ ಏನೂ ಆಗದಿರಬಹುದು. ವಾರಗಳು ಕಳೆದ ಮೇಲೆ, ಒಂದು ಚಳಿಯ ರಾತ್ರಿಯೋ ಒಗ್ಗರಣೆಯ ಘಾಟಿಗೋ ದಮ್ಮು ಏರಿ ಜೀವಕ್ಕೆ ಬರುತ್ತದೆ. ತಂದೆ ತಾಯಿಗಳು ಬೀಗರಿಗೆ ಮೊದಲೇ ತಿಳಿಸುವುದು ಮರ್ಯಾದೆಗೆ ಕುಂದಲ್ಲ. ಸರಿಯಾಗಿ ಔಷಧ ತೆಗೆದುಕೊಂಡರೆ ಉಬ್ಬಸ ಇರುವವರು ಹೊಲಮನೆ ಕೆಲಸ ಮಾಡುತ್ತಾರೆ, ಮಕ್ಕಳನ್ನು ಹೆತ್ತು ಸಾಕುತ್ತಾರೆ. ಬಸುರಿನಲ್ಲಿಯೂ ಪಂಪು ನಿಲ್ಲಿಸಬಾರದು. ತಾಯಿಗೆ ಉಸಿರು ಸಾಲದಿದ್ದರೆ ಹೊಟ್ಟೆಯ ಕೂಸಿಗೂ ಸಾಲದು. ಬಸುರಾದ ವಿಷಯವನ್ನು ಮಾತ್ರ ವೈದ್ಯರಿಗೆ ತಿಳಿಸಿ.

ಸ್ಟೀರಾಯ್ಡ್ ಎಂಬ ಹೆಸರಿಗೂ ಜನ ಹೆದರುತ್ತಾರೆ. ಪಂಪಿನಲ್ಲಿರುವುದು ಮೈಕ್ರೋಗ್ರಾಂ ಲೆಕ್ಕದ್ದು. ಹೆಚ್ಚಿನ ಪ್ರಮಾಣದಲ್ಲಿ ಬಹುಕಾಲ ಬೇಕಾದವರಲ್ಲಿ ಕೆಲವು ತೊಂದರೆಗಳಿರುವುದು ನಿಜ, ಅದಕ್ಕೇ ವೈದ್ಯರು ಆಗಾಗ ನೋಡಿ ಪ್ರಮಾಣ ಇಳಿಸುತ್ತಾರೆ. ಆದರೆ ಇದೇ ಭಯದಿಂದ ಪಂಪು ಬಿಟ್ಟವರು, ದಮ್ಮು ಬಂದಾಗಲೆಲ್ಲ ಊರಲ್ಲೇ ಸೂಜಿ ಹಾಕಿಸಿಕೊಂಡು ಬರುತ್ತಾರೆ. ಆ ಸೂಜಿಯಲ್ಲಿ ಇರುವುದೂ ಎಷ್ಟೋ ಸಲ ಸ್ಟೀರಾಯ್ಡೇ. ಅದೂ ಮೈಯೆಲ್ಲ ಹರಡುವ, ಹಲವು ಪಟ್ಟು ಹೆಚ್ಚಿನ ಪ್ರಮಾಣದ್ದು. ಚೀಟಿ ಇಲ್ಲದ, ಹೆಸರಿಲ್ಲದ ಪುಡಿಪೊಟ್ಟಣಗಳ ಬಗ್ಗೆಯೂ ಇದೇ ಎಚ್ಚರ ಬೇಕು.

ದಿನದ ಪಂಪು ಬೇರೆ, ಆಪತ್ತಿನ ಪಂಪು ಬೇರೆ

ಅನೇಕರಿಗೆ ಎರಡು ಪಂಪು ಕೊಟ್ಟಿರುತ್ತಾರೆ. ಒಂದು, ದಮ್ಮು ಇರಲಿ ಬಿಡಲಿ ದಿನವೂ ತೆಗೆದುಕೊಳ್ಳಬೇಕಾದದ್ದು. ಅದು ಒಳಗಿನ ಊತವನ್ನು ಇಳಿಸುತ್ತದೆ ಅಥವಾ ನಾಳಗಳನ್ನು ದೀರ್ಘಕಾಲ ತೆರೆದಿಡುತ್ತದೆ. ಅದರ ಗುಣ ಪೂರ್ತಿ ಕಾಣಲು ಕೆಲವು ವಾರ ಬೇಕಾಗಬಹುದು. ಇನ್ನೊಂದು, ದಮ್ಮು ಬಂದಾಗ ತಕ್ಷಣ ಪರಿಹಾರ ಕೊಡುವುದು. ಇದರ ಪರಿಣಾಮ ನಾಲ್ಕಾರು ತಾಸು ಮಾತ್ರ. ಜನರಿಗೆ ಪ್ರೀತಿ ಎರಡನೆಯದರ ಮೇಲೆ, ಏಕೆಂದರೆ ಗುಣ ಕೂಡಲೇ ಗೊತ್ತಾಗುತ್ತದೆ. ಮೊದಲನೆಯದನ್ನು "ಇದರಿಂದ ಏನೂ ಆಗೂದಿಲ್ಲ" ಎಂದು ಗೂಡಿನಲ್ಲಿ ಇಟ್ಟುಬಿಡುತ್ತಾರೆ. ಮನೆಯೊಳಗೆ ಬೆಂಕಿ ಉರಿಯುತ್ತಿರುವಾಗ ಕಿಟಕಿ ತೆರೆದು ಹೊಗೆ ಹೊರಗೆ ಬಿಟ್ಟು, ಬೆಂಕಿಯನ್ನು ಹಾಗೇ ಬಿಟ್ಟಂತೆ ಇದು. 2019ರಿಂದ ಅಂತರರಾಷ್ಟ್ರೀಯ ತಜ್ಞರ ಮಾರ್ಗಸೂಚಿಯೂ ಉಬ್ಬಸದ ವಯಸ್ಕರಿಗೆ ಆಪತ್ತಿನ ಸಾಲ್ಬುಟಮಾಲ್ ಒಂದನ್ನೇ ನೆಚ್ಚಿಕೊಳ್ಳಬಾರದು, ಊತ ಇಳಿಸುವ ಔಷಧ ಜೊತೆಗಿರಲೇಬೇಕು ಎಂದು ಹೇಳುತ್ತದೆ. ವರ್ಷಕ್ಕೆ ಆಪತ್ತಿನ ಡಬ್ಬಿ 3 ಅಥವಾ ಹೆಚ್ಚು ಖರ್ಚಾಗುತ್ತಿದ್ದರೆ ಉಬ್ಬಸ ಹತೋಟಿಯಲ್ಲಿಲ್ಲ ಎಂದೇ ಅರ್ಥ, ವೈದ್ಯರನ್ನು ಕಾಣಿರಿ.

ಕೆಲವರಿಗೆ ಒಂದೇ ಪಂಪನ್ನು ಎರಡೂ ಕೆಲಸಕ್ಕೆ ಬರೆದಿರುತ್ತಾರೆ. ಅದು ವೈದ್ಯರು ಹೇಳಿದ್ದರೆ ಮಾತ್ರ. ಬಣ್ಣ ನೋಡಿ ನಿರ್ಧರಿಸಬೇಡಿ; ಕಂಪನಿ ಬದಲಾದರೆ ಬಣ್ಣವೂ ಬದಲಾಗುತ್ತದೆ. ಔಷಧ ಕೊಡುವ ಕಿಟಕಿಯಲ್ಲಿಯೇ ಕೇಳಿ, ಡಬ್ಬಿಯ ಮೇಲೆ ಪಟ್ಟಿ ಅಂಟಿಸಿ 'ದಿನಾ' ಎಂದೂ 'ದಮ್ಮು ಬಂದಾಗ' ಎಂದೂ ಬರೆಸಿಕೊಳ್ಳಿ. ಓದಲು ಬಾರದ ಅಜ್ಜಿಗೆ ದಿನದ ಪಂಪಿಗೆ ಒಂದು ದಾರ ಕಟ್ಟಿದರೂ ಸಾಕು.

ಒತ್ತುವ ಪಂಪು: ನಿಧಾನವಾಗಿ ಎಳೆಯಿರಿ

ಈ ಪಂಪು ಮೊದಲು ಮಾರುಕಟ್ಟೆಗೆ ಬಂದದ್ದು 1956ರಲ್ಲಿ, ಅಮೆರಿಕದಲ್ಲಿ. ಅದಕ್ಕೆ ಮೊದಲು ರಬ್ಬರಿನ ಬುರುಡೆ ಹಿಂಡುವ ಗಾಜಿನ ಸಾಧನವಿತ್ತು, ಎಷ್ಟು ಔಷಧ ಹೋಯಿತೆಂಬ ಲೆಕ್ಕವೇ ಸಿಗುತ್ತಿರಲಿಲ್ಲ. ರೈಕರ್ ಎಂಬ ಔಷಧ ಕಂಪನಿಯ ಮುಖ್ಯಸ್ಥ ಜಾರ್ಜ್ ಮೇಸನ್ ಅವರಿಗೆ ಉಬ್ಬಸ ಇದ್ದ ಸಣ್ಣ ವಯಸ್ಸಿನ ಮಗಳಿದ್ದಳು. ಕೂದಲಿಗೆ ಸಿಂಪಡಿಸುವ ಡಬ್ಬಿಯಂತೆ ನನ್ನ ಔಷಧವನ್ನೂ ಏಕೆ ಡಬ್ಬಿಯಲ್ಲಿ ಇಡಬಾರದು ಎಂದು ಅವಳು ಕೇಳಿದ್ದರಿಂದ ಈ ಕೆಲಸ ಶುರುವಾಯಿತು. ಇಂದಿಗೂ ಒಳಗಿನ ರಚನೆ ಬಹುಮಟ್ಟಿಗೆ ಅದೇ: ಒತ್ತಡದಲ್ಲಿ ತುಂಬಿದ ದ್ರವ, ಅದರಲ್ಲಿ ಔಷಧ, ಪ್ರತಿ ಒತ್ತಿಗೆ ಒಂದು ಅಳತೆ. ಹೊರಬರುವ ತುಂತುರಿಗೆ ಭಾರೀ ವೇಗ ಇರುತ್ತದೆ. ಉಸಿರನ್ನು ಅದಕ್ಕೆ ಹೊಂದಿಸದಿದ್ದರೆ ಅದು ಗಂಟಲಿನ ಹಿಂಗೋಡೆಗೆ ಬಡಿದು ಅಲ್ಲಿಯೇ ನಿಲ್ಲುತ್ತದೆ. ಸರಿಯಾಗಿ ಎಳೆದಾಗಲೂ ಪುಪ್ಪಸಕ್ಕೆ ಮುಟ್ಟುವುದು ನೂರರಲ್ಲಿ ಸುಮಾರು 10ರಿಂದ 20 ಭಾಗ. ಔಷಧದ ಅಳತೆಯನ್ನು ಅದಕ್ಕೆ ತಕ್ಕಂತೆಯೇ ಇಟ್ಟಿರುತ್ತಾರೆ. ತಪ್ಪಾಗಿ ಎಳೆದರೆ ಅದೂ ಇಲ್ಲ.

ಕ್ರಮ ಹೀಗೆ. ನೆಟ್ಟಗೆ ಕುಳಿತುಕೊಳ್ಳಿ ಅಥವಾ ನಿಂತುಕೊಳ್ಳಿ, ಮಲಗಿ ತೆಗೆದುಕೊಳ್ಳಬೇಡಿ. ಮುಚ್ಚಳ ತೆಗೆದು ಬಾಯಿಯೊಳಗೆ ಏನಾದರೂ ಸಿಕ್ಕಿದೆಯೇ ನೋಡಿ. ಜುಬ್ಬದ ಕಿಸೆಯಲ್ಲಿ ಮುಚ್ಚಳವಿಲ್ಲದೆ ಇಟ್ಟ ಪಂಪಿನೊಳಗೆ ಅಡಿಕೆ ಚೂರು, ಚಿಲ್ಲರೆ ನಾಣ್ಯ ಸೇರಿಕೊಂಡು ಎಳೆದಾಗ ಅದೇ ಗಂಟಲಿಗೆ ಹೋಗುವ ಅಪಾಯವಿದೆ. ಪಂಪನ್ನು ನಾಲ್ಕೈದು ಸಲ ಚೆನ್ನಾಗಿ ಅಲುಗಾಡಿಸಿ, ಏಕೆಂದರೆ ಔಷಧ ತಳಕ್ಕೆ ಕೂತಿರುತ್ತದೆ. ಹೊಸ ಡಬ್ಬಿಯಾದರೆ ಅಥವಾ ವಾರಕ್ಕೂ ಹೆಚ್ಚು ಬಳಸದೆ ಇಟ್ಟಿದ್ದರೆ, ಮೊದಲು ಎರಡರಿಂದ ನಾಲ್ಕು ಸಲ ಗಾಳಿಗೆ ಒತ್ತಿ ಬಿಡಿ. ಎಷ್ಟು ಸಲ ಎಂಬುದನ್ನು ಪೆಟ್ಟಿಗೆಯ ಚೀಟಿಯಲ್ಲಿ ಬರೆದಿರುತ್ತಾರೆ.

ಈಗ ಎದೆಯಲ್ಲಿರುವ ಗಾಳಿಯನ್ನು ನಿಧಾನವಾಗಿ, ಆದಷ್ಟು ಪೂರ್ತಿ ಹೊರಗೆ ಬಿಡಿ. ಇದನ್ನು ಬಿಟ್ಟುಬಿಡುವವರೇ ಹೆಚ್ಚು. ತುಂಬಿದ ಕೊಡದೊಳಗೆ ಮತ್ತೆ ನೀರು ಹಿಡಿಯುವುದಿಲ್ಲ. ನಂತರ ಪಂಪಿನ ಬಾಯಿಯನ್ನು ಹಲ್ಲುಗಳ ನಡುವೆ ಇಟ್ಟು ತುಟಿಗಳನ್ನು ಬಿಗಿಯಾಗಿ ಮುಚ್ಚಿ. ನಾಲಿಗೆ ಅಡ್ಡ ಬರದಿರಲಿ, ಕತ್ತು ತುಸು ಮೇಲಕ್ಕೆತ್ತಿರಿ. ಬಾಯಿಯಿಂದ ನಿಧಾನವಾಗಿ ಉಸಿರು ಎಳೆಯಲು ಶುರುಮಾಡಿ, ಶುರುವಾದ ಕೂಡಲೇ ಡಬ್ಬಿಯನ್ನು ಒಂದೇ ಸಲ ಒತ್ತಿ, ಎಳೆಯುತ್ತಲೇ ಹೋಗಿ. ಬಿಸಿ ಚಹಾ ಸುರ್ರೆಂದು ಹೀರುವಂತೆ ಅಲ್ಲ. ಹೂವಿನ ವಾಸನೆ ನೋಡುವಂತೆ, ಆದರೆ ಬಾಯಿಯಿಂದ, ನಾಲ್ಕೈದು ಸೆಕೆಂಡು. ಪೂರ್ತಿ ತುಂಬಿದ ಮೇಲೆ ಪಂಪು ತೆಗೆದು, ಬಾಯಿ ಮುಚ್ಚಿ, ಮನಸ್ಸಿನಲ್ಲಿ ಹತ್ತು ಎಣಿಸುವವರೆಗೆ ಉಸಿರು ಹಿಡಿಯಿರಿ. 'ಓಂ ನಮಃ ಶಿವಾಯ' ಎಂದು ನಿಧಾನವಾಗಿ ಐದಾರು ಸಲ ಮನಸ್ಸಿನಲ್ಲಿ ಹೇಳಿಕೊಂಡರೂ ಅಷ್ಟೇ ಹೊತ್ತಾಗುತ್ತದೆ. ಹತ್ತು ಆಗದಿದ್ದರೆ ಆಗುವಷ್ಟು. ಔಷಧ ನಾಳದ ಗೋಡೆಗೆ ಕೂರುವುದು ಆ ಹೊತ್ತಿನಲ್ಲಿಯೇ. ಎರಡನೆಯ ಸಲ ತೆಗೆದುಕೊಳ್ಳಬೇಕಿದ್ದರೆ ಅರ್ಧದಿಂದ ಒಂದು ನಿಮಿಷ ಬಿಟ್ಟು, ಮತ್ತೆ ಅಲುಗಾಡಿಸಿ, ಮೊದಲಿನಿಂದ ಇದೇ ಕ್ರಮ. ಒಂದೇ ಉಸಿರಿಗೆ ಎರಡು ಸಲ ಒತ್ತಿದರೆ ಎರಡೂ ಹಾಳು.

ಸ್ಪೇಸರ್ ಇದ್ದರೆ ಒಳ್ಳೆಯದು

ಒತ್ತುವುದಕ್ಕೂ ಎಳೆಯುವುದಕ್ಕೂ ಹೊಂದಿಸುವುದು ಹಿರಿಯರಿಗೆ, ಮಕ್ಕಳಿಗೆ, ಕೈ ನಡುಗುವವರಿಗೆ, ದಮ್ಮು ಏರಿದಾಗ ಎಲ್ಲರಿಗೂ ಕಷ್ಟ. ಅದಕ್ಕಾಗಿಯೇ ಸ್ಪೇಸರ್ ಎಂಬ ಪ್ಲಾಸ್ಟಿಕ್ ಕೊಳವೆ ಇದೆ. ಒಂದು ತುದಿಗೆ ಪಂಪು ಸಿಕ್ಕಿಸಿ ಒಂದು ಸಲ ಒತ್ತಿದರೆ ಔಷಧ ಕೊಳವೆಯೊಳಗೆ ನಿಲ್ಲುತ್ತದೆ, ವೇಗ ತಗ್ಗುತ್ತದೆ, ದಪ್ಪ ಹನಿಗಳು ಅಲ್ಲೇ ಉಳಿಯುತ್ತವೆ. ಇನ್ನೊಂದು ತುದಿಯಿಂದ ನೀವು ನಿಧಾನವಾಗಿ ಎಳೆದು ಉಸಿರು ಹಿಡಿಯಬಹುದು. ಉಸಿರು ಹಿಡಿಯಲು ಆಗದವರು ಬಾಯಿ ತೆಗೆಯದೆ ಸಾಮಾನ್ಯವಾಗಿ ಐದಾರು ಸಲ ಉಸಿರಾಡಿದರೂ ಸಾಕು. ಒತ್ತಿದ ಮೇಲೆ ತಡಮಾಡಬೇಡಿ, ಔಷಧ ಗೋಡೆಗೆ ಅಂಟುತ್ತದೆ. ಸಣ್ಣ ಮಕ್ಕಳಿಗೆ ಮುಖಕ್ಕೆ ಹೊಂದುವ ಮಾಸ್ಕ್ ಬೇಕು. ಮಾಸ್ಕ್ ಮತ್ತು ಕೆನ್ನೆಯ ನಡುವೆ ಸಂದು ಉಳಿಯಬಾರದು.

"ಮಶೀನಿನ ಹಬೆ ಕೊಡ್ರಿ, ಅದರಾಗ ಜೋರ ಇರತೈತಿ" ಎಂದು ಕೇಳುವವರು ಬಹಳ. ಸಾಧಾರಣ ದಮ್ಮಿನಲ್ಲಿ ಸ್ಪೇಸರ್ ಹಚ್ಚಿದ ಪಂಪು ಆ ಮಶೀನಿನಷ್ಟೇ ಕೆಲಸ ಮಾಡುತ್ತದೆ. ಕರೆಂಟ್ ಬೇಡ, ಚೀಲದಲ್ಲಿ ಒಯ್ಯಬಹುದು.

ಸ್ಪೇಸರ್ ತೊಳೆಯುವ ರೀತಿಯಲ್ಲಿಯೂ ಒಂದು ಗುಟ್ಟಿದೆ. ತಿಂಗಳಿಗೊಮ್ಮೆಯಾದರೂ, ಹೊಸದಾದರೆ ಮೊದಲ ಬಳಕೆಗೆ ಮುಂಚೆಯೇ, ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಸೋಪಿನ ಪುಡಿ ಹಾಕಿ ಅದ್ದಿ ತೆಗೆದು ಹಾಗೆಯೇ ಒಣಗಲು ಬಿಡಿ. ಸೆರಗಿನಿಂದ, ಟವೆಲ್ಲಿನಿಂದ ಒರೆಸಬೇಡಿ. ಒರೆಸಿದರೆ ಪ್ಲಾಸ್ಟಿಕ್ಕಿನಲ್ಲಿ ವಿದ್ಯುತ್ ಸೆಳೆತ ಹುಟ್ಟಿ (ಬಾಚಣಿಗೆಗೆ ಕಾಗದದ ಚೂರು ಅಂಟುತ್ತದಲ್ಲ, ಅದೇ) ಔಷಧ ಗೋಡೆಗೆ ಅಂಟಿಕೊಳ್ಳುತ್ತದೆ.

ಕೊಳ್ಳಲು ಆಗದವರು ಸಂಕೋಚಪಡದೆ ಹೇಳಿರಿ. 1999ರಲ್ಲಿ ದಕ್ಷಿಣ ಆಫ್ರಿಕಾದ ವೈದ್ಯರು, ಉಬ್ಬಸ ಏರಿದ ಮಕ್ಕಳಲ್ಲಿ 500 ಮಿಲಿಲೀಟರಿನ ಸಾದಾ ಪ್ಲಾಸ್ಟಿಕ್ ಬಾಟಲಿಯ ತಳಕ್ಕೆ ತೂತು ಮಾಡಿ ಪಂಪನ್ನು ಸಂದಿಲ್ಲದಂತೆ ಕೂರಿಸಿ ಕೊಟ್ಟು ನೋಡಿದರು. ಅದು ಅಂಗಡಿಯ ಸ್ಪೇಸರಿನಷ್ಟೇ ಕೆಲಸ ಮಾಡಿತು. ಲೋಟದಿಂದ ಮಾಡಿದ್ದು ಅಷ್ಟು ಚೆನ್ನಾಗಿ ಕೆಲಸ ಮಾಡಲಿಲ್ಲ. ತೂತು ಸರಿಯಾದ ಅಳತೆಯದಾಗಿರಬೇಕು, ಗಾಳಿ ಸೋರಬಾರದು. ಆದ್ದರಿಂದ ಮನೆಯಲ್ಲಿ ಅಂದಾಜಿನಿಂದ ಕೊರೆಯದೆ, ಸಿಸ್ಟರ್ ಬಳಿ ನೋಡಿ ಕಲಿತು ಮಾಡಿ.

ಪುಡಿಯ ಔಷಧ: ಜೋರಾಗಿ ಎಳೆಯಿರಿ

ಕೆಲವರಿಗೆ ಕ್ಯಾಪ್ಸೂಲ್ ಹಾಕಿ ಎಳೆಯುವ ಸಾಧನ ಕೊಟ್ಟಿರುತ್ತಾರೆ (ರೋಟಾಹೇಲರ್ ಮುಂತಾದವು). ಮೊಟ್ಟಮೊದಲ ಮಾತು: ಈ ಕ್ಯಾಪ್ಸೂಲನ್ನು ನೀರಿನ ಜೊತೆ ನುಂಗಬಾರದು. ನೋಡಲು ನುಂಗುವ ಗುಳಿಗೆಯಂತೆಯೇ ಇರುವುದರಿಂದ ತಿಂಗಳುಗಟ್ಟಲೆ ನುಂಗಿದವರೂ ಉಂಟು. ಬೇರೆ ಗುಳಿಗೆಗಳ ಡಬ್ಬಿಯಲ್ಲಿ ಇದನ್ನು ಬೆರೆಸಿಡಬೇಡಿ.

ಕೈ ಒಣಗಿರಲಿ, ಪುಡಿಗೆ ತೇವ ಆಗದು. ರೋಟಾಹೇಲರಿನಲ್ಲಿ ಕ್ಯಾಪ್ಸೂಲಿನ ಪಾರದರ್ಶಕ ತುದಿ ಕೆಳಗೆ ಬರುವಂತೆ ತೂತಿನೊಳಗೆ ಮಟ್ಟವಾಗಿ ಒತ್ತಿ, ತಳಭಾಗವನ್ನು ಪೂರ್ತಿ ತಿರುಗಿಸಿ; ಕ್ಯಾಪ್ಸೂಲ್ ಎರಡಾಗಿ ಪುಡಿ ಬೀಳುವುದು ಕಾಣುತ್ತದೆ. ಬೇರೆ ಕೆಲವು ಸಾಧನಗಳಲ್ಲಿ ಮುಚ್ಚಿದಾಗಲೇ ಕ್ಯಾಪ್ಸೂಲಿಗೆ ತೂತು ಬೀಳುತ್ತದೆ. ಮುಖ ಪಕ್ಕಕ್ಕೆ ತಿರುಗಿಸಿ ಉಸಿರು ಹೊರಗೆ ಬಿಡಿ. ಸಾಧನದೊಳಗೆ ಊದಿದರೆ ಪುಡಿ ಹಾರಿಹೋಗುತ್ತದೆ ಅಥವಾ ಉಸಿರಿನ ತೇವಕ್ಕೆ ಗಂಟಾಗುತ್ತದೆ. ಆಮೇಲೆ ತುಟಿ ಬಿಗಿದು, ಶುರುವಿನಿಂದಲೇ ಜೋರಾಗಿ, ಆಳವಾಗಿ ಎಳೆಯಿರಿ. ಇಲ್ಲಿ ಪುಡಿಯನ್ನು ತಳ್ಳುವ ಗ್ಯಾಸ್ ಇಲ್ಲ, ನಿಮ್ಮ ಉಸಿರೇ ಅದನ್ನು ಒಯ್ಯಬೇಕು. ಒತ್ತುವ ಪಂಪಿಗೂ ಪುಡಿಗೂ ಇರುವ ದೊಡ್ಡ ಭೇದ ಇದು: ಅದಕ್ಕೆ ನಿಧಾನ, ಇದಕ್ಕೆ ಜೋರು. ಎರಡೂ ಬಗೆ ಇರುವ ಮನೆಯಲ್ಲಿ ಅದಲುಬದಲಾಗುವುದು ಸಹಜ. ಇಲ್ಲಿಯೂ ಹತ್ತು ಎಣಿಸುವವರೆಗೆ ಉಸಿರು ಹಿಡಿಯಿರಿ. ನಂತರ ತೆರೆದು ನೋಡಿ, ಪುಡಿ ಉಳಿದಿದ್ದರೆ ಇನ್ನೊಮ್ಮೆ ಎಳೆಯಿರಿ. ಜೋರಾಗಿ ಎಳೆಯುವ ಶಕ್ತಿಯೇ ಇಲ್ಲದ ಹಿರಿಯರಿಗೆ ಪುಡಿ ಹೊಂದುವುದಿಲ್ಲ. ವೈದ್ಯರಿಗೆ ಹೇಳಿ ಸ್ಪೇಸರ್ ಪಂಪಿಗೆ ಬದಲಿಸಿಕೊಳ್ಳಿ.

ಪೂಜೆಯ ಹೊತ್ತು, ಉಪವಾಸ, ಜಾತ್ರೆ

ದಿನದ ಪಂಪು ಮರೆಯುವುದೇ ಬಹುಜನರ ತೊಂದರೆ. ನಮ್ಮಲ್ಲಿ ಲಿಂಗಪೂಜೆ ತಪ್ಪಿಸದವರು ಅನೇಕರಿದ್ದೀರಿ. ಬೆಳಗಿನ ಸ್ನಾನವಾದ ಕೂಡಲೇ ಪಂಪು ತೆಗೆದುಕೊಂಡು, ಬಾಯಿ ಮುಕ್ಕಳಿಸಿ, ಪೂಜೆಗೆ ಕುಳಿತುಕೊಳ್ಳಿ, ಸಂಜೆಯೂ ಹಾಗೆಯೇ. ಪೂಜೆ ಮರೆಯದವರು ಪಂಪನ್ನೂ ಮರೆಯುವುದಿಲ್ಲ. ಪೂಜೆಗೆ ಮುಂಚೆ ಬಾಯಿಗೆ ಏನೂ ಹಾಕಬಾರದೆಂಬ ನಿಯಮವಿದ್ದರೆ ಪೂಜೆಯ ನಂತರ, ಪ್ರಸಾದಕ್ಕೆ ಮುಂಚೆ ಆಗಲಿ. ಹೊತ್ತು ಒಂದೇ ಇದ್ದರೆ ಸಾಕು. ಧೂಪ, ಊದುಬತ್ತಿ, ಕರ್ಪೂರದ ಹೊಗೆ ಮಾತ್ರ ಬೇಡ. ಪತ್ರೆ, ಹೂವು, ದೀಪದ ಪೂಜೆಗೆ ಯಾವ ಕೊರತೆಯೂ ಇಲ್ಲ.

ಬಾಯಿ ಮುಕ್ಕಳಿಸುವುದು ಏಕೆಂದರೆ, ಸ್ಟೀರಾಯ್ಡ್ ಇರುವ ಪಂಪಿನ ಔಷಧ ಗಂಟಲಿನಲ್ಲಿ ಉಳಿದರೆ ನಾಲಿಗೆ, ಅಂಗುಳದ ಮೇಲೆ ಬಿಳಿ ಪೊರೆ ಬರಬಹುದು, ಧ್ವನಿ ಒಡೆಯಬಹುದು. ನೀರು ಹಾಕಿ ಗಂಟಲವರೆಗೆ ಗಳಗಳ ಮಾಡಿ ಉಗುಳಿಬಿಡಿ, ನುಂಗಬೇಡಿ.

ಶಿವರಾತ್ರಿಯ, ಶ್ರಾವಣದ ಉಪವಾಸಗಳಲ್ಲಿ ಪಂಪು ಬಿಡುವವರಿದ್ದಾರೆ. ಇದು ಆಹಾರವಲ್ಲ, ಹೊಟ್ಟೆ ತುಂಬಿಸಲು ತೆಗೆದುಕೊಳ್ಳುವಂಥದ್ದೂ ಅಲ್ಲ. ಉಪವಾಸ ಮಾಡಿ, ಪಂಪು ಮಾತ್ರ ಬಿಡಬೇಡಿ. ನಮ್ಮ ಆಸ್ಪತ್ರೆಗೆ ಬರುವ ಮುಸ್ಲಿಂ ಬಂಧುಗಳು ರಂಜಾನಿನಲ್ಲಿ ದಿನಕ್ಕೆರಡು ಸಲದ ಪಂಪನ್ನು ಸಹರಿ ಮತ್ತು ಇಫ್ತಾರಿನ ಹೊತ್ತಿಗೆ ಹೊಂದಿಸಿಕೊಳ್ಳಬಹುದು. ದಮ್ಮು ಏರಿದರೆ ಮಾತ್ರ ಹೊತ್ತು ನೋಡದೆ ಆಪತ್ತಿನ ಪಂಪು ತೆಗೆದುಕೊಳ್ಳಲೇಬೇಕು.

ಜಾತ್ರೆ, ರಥೋತ್ಸವದ ಧೂಳಿಗೆ, ಜೋಳ ಕಡಲೆಯ ರಾಶಿ ಮಾಡುವಾಗಿನ ಹೊಟ್ಟಿಗೆ, ಮೆಣಸಿನಕಾಯಿ ಕುಟ್ಟುವ ಘಾಟಿಗೆ ದಮ್ಮು ಏರುತ್ತದೆ. ಹೋಗಲೇಬೇಕಾದರೆ ಆಪತ್ತಿನ ಪಂಪು ಕಿಸೆಯಲ್ಲಿರಲಿ, ಬಾಯಿ ಮೂಗಿಗೆ ಮಾಸ್ಕ್ ಅಥವಾ ಒದ್ದೆ ಬಟ್ಟೆ ಇರಲಿ. ಮೃಗಶಿರಾ ಮಳೆ ಕೂಡುವ ದಿನ ಉಬ್ಬಸದ ಔಷಧಕ್ಕೆಂದು ದೂರದೂರಿಗೆ ಹೋಗುವ ವಾಡಿಕೆ ನಮ್ಮಲ್ಲಿದೆ. ನಂಬಿಕೆಯ ಬಗ್ಗೆ ನಾವು ವಾದ ಮಾಡುವುದಿಲ್ಲ. ಹೋಗುವವರು ಪಂಪನ್ನು ಜೊತೆಗೆ ಒಯ್ಯಿರಿ, ಬಂದ ಮೇಲೂ ಮುಂದುವರಿಸಿ ಎಂಬುದಷ್ಟೇ ನಮ್ಮ ವಿನಂತಿ.

ಡಬ್ಬಿ ಖಾಲಿಯಾದದ್ದು ತಿಳಿಯುವುದು ಹೇಗೆ?

ಔಷಧ ಮುಗಿದ ಮೇಲೂ ಡಬ್ಬಿಯಲ್ಲಿ ಗ್ಯಾಸ್ ಉಳಿದಿರುತ್ತದೆ. ಒತ್ತಿದರೆ ಸುಂಯ್ ಎನ್ನುತ್ತದೆ, ತುಂತುರೂ ಬರುತ್ತದೆ, ಔಷಧ ಮಾತ್ರ ಇರುವುದಿಲ್ಲ. ಅಲುಗಾಡಿಸಿ ನೋಡುವುದಾಗಲಿ, ನೀರಿನಲ್ಲಿ ತೇಲಿಸಿ ನೋಡುವುದಾಗಲಿ ನಂಬಲು ಬರುವುದಿಲ್ಲ, ನೀರು ಸೇರಿದರೆ ಕವಾಟವೂ ಕೆಡುತ್ತದೆ. ಎಣಿಕೆಯ ಕಿಂಡಿ ಇರುವ ಡಬ್ಬಿಯಾದರೆ ಅದನ್ನು ನೋಡಿ. ಇಲ್ಲದಿದ್ದರೆ ಲೆಕ್ಕ ಹಾಕಿ: ಡಬ್ಬಿಯ ಮೇಲೆ 200 ಎಂದಿದ್ದು, ಬೆಳಿಗ್ಗೆ ಎರಡು ಸಂಜೆ ಎರಡು ಆದರೆ 50 ದಿನ, 120 ಎಂದಿದ್ದರೆ 30 ದಿನ. ಶುರುಮಾಡಿದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಮುಗಿಯುವ ವಾರ ಮುಂಚೆಯೇ ಇನ್ನೊಂದು ತನ್ನಿ. ಬಿಸಿಲಲ್ಲಿ, ಒಲೆಯ ಹತ್ತಿರ, ನಿಂತ ಗಾಡಿಯೊಳಗೆ ಇಡಬೇಡಿ. ಖಾಲಿ ಡಬ್ಬಿಯನ್ನು ಬೆಂಕಿಗೆ ಎಸೆದರೆ ಸಿಡಿಯುತ್ತದೆ. ಮಕ್ಕಳ ಕೈಗೂ ಸಿಗದಿರಲಿ.

ಮನೆಯವರಿಗೆ ಎರಡು ಮಾತು

ರೋಗಿಯ ಜೊತೆ ಬಂದವರೂ ಕಲಿಯಬೇಕು. ಅಪ್ಪನಿಗೋ ಅತ್ತೆಗೋ ಸಿಸ್ಟರ್ ಹೇಳಿಕೊಡುವಾಗ ಹೊರಗೆ ಚಹಾಕ್ಕೆ ಹೋಗಬೇಡಿ, ಪಕ್ಕದಲ್ಲಿ ನಿಂತು ನೋಡಿ. ಚೆನ್ನಾಗಿ ಕಲಿತವರೂ ಒಂದೆರಡು ತಿಂಗಳಲ್ಲಿ ಒಂದಲ್ಲ ಒಂದು ಹೆಜ್ಜೆ ಮರೆಯುತ್ತಾರೆ. ವಾರಕ್ಕೊಮ್ಮೆ ಎದುರು ಕುಳಿತು ನೋಡಿ: ಉಸಿರು ಬಿಟ್ಟರೇ, ಎಳೆದ ಮೇಲೆ ಒತ್ತಿದರೇ ಅಥವಾ ಒತ್ತಿದ ಮೇಲೆ ಎಳೆದರೇ, ಬಾಯಿಯಿಂದ ಹೊಗೆ ಬಂತೇ. ಹಿರಿಯರನ್ನು ತಿದ್ದುವಾಗ ಗದರಬೇಡಿ. "ಯಪ್ಪಾ, ಇನ್ನೊಮ್ಮಿ ಸಾವಕಾಶ ಎಳಕೊಳ್ರಿ" ಎಂದರೆ ಕೇಳುತ್ತಾರೆ.

ಮನೆಯಲ್ಲಿ ಬೀಡಿ ಸೇದುವ ಮಗನಿದ್ದರೆ ಅಪ್ಪನ ಪಂಪಿಗೆ ಖರ್ಚು ಮಾಡಿಯೂ ಅರ್ಧ ವ್ಯರ್ಥ. ಗ್ಯಾಸ್ ಒಲೆ ಇದ್ದೂ ಸಿಲಿಂಡರ್ ಉಳಿಸಲೆಂದು ರೊಟ್ಟಿಗೆ, ಸ್ನಾನದ ನೀರಿಗೆ ಕಟ್ಟಿಗೆ ಒಲೆ ಹಚ್ಚುವ ಮನೆಗಳು ಬಹಳ. ದಮ್ಮು ಇರುವ ತಾಯಿಯನ್ನು ಆ ಒಲೆಯ ಮುಂದೆ ಕೂರಿಸಬೇಡಿ. ಎರಡು ವಾರಕ್ಕೂ ಹೆಚ್ಚು ಕೆಮ್ಮು, ಜ್ವರ, ತೂಕ ಇಳಿಯುವುದು, ಕಫದಲ್ಲಿ ರಕ್ತ ಕಂಡರೆ ದಮ್ಮೆಂದೇ ತಿಳಿದು ಸುಮ್ಮನಿರದೆ ಕಫ ಪರೀಕ್ಷೆ ಮಾಡಿಸಿ, ಅದು ಕ್ಷಯವಾಗಿರಬಹುದು.

ದಮ್ಮು ಏಕಾಏಕಿ ಏರಿದರೆ

ರೋಗಿಯನ್ನು ಮಲಗಿಸಬೇಡಿ, ಸ್ವಲ್ಪ ಮುಂದಕ್ಕೆ ಬಾಗಿಸಿ ಕೂರಿಸಿ. ಸುತ್ತ ಜನ ಮುತ್ತಬಾರದು, ಗಾಳಿ ಬರಲಿ. ವೈದ್ಯರು ಬೇರೆ ರೀತಿ ಬರೆದುಕೊಟ್ಟಿರದಿದ್ದರೆ, ಆಪತ್ತಿನ ಪಂಪನ್ನು ಸ್ಪೇಸರಿನಿಂದ ಒಂದೊಂದೇ ಸಲದಂತೆ ನಾಲ್ಕು ಸಲ ಕೊಡಿ. 20 ನಿಮಿಷದಲ್ಲಿ ಇಳಿಯದಿದ್ದರೆ ಮತ್ತೆ ನಾಲ್ಕು ಸಲ ಕೊಡುತ್ತಲೇ ಆಸ್ಪತ್ರೆಗೆ ಹೊರಡಿ. ಒಂದು ವಾಕ್ಯವನ್ನು ಪೂರ್ತಿ ಆಡಲಾಗದಿದ್ದರೆ, ತುಟಿ ಉಗುರು ನೀಲಿಗಟ್ಟಿದರೆ, ಮಂಪರು ಕವಿದರೆ, ಗಲಿಬಿಲಿಯಾಗಿ ಮಾತಾಡಿದರೆ 20 ನಿಮಿಷ ಕಾಯಬೇಡಿ. ಕೂಡಲೇ 108ಕ್ಕೆ ಫೋನ್ ಮಾಡಿ. ಎದೆಯ ಸದ್ದು ಇದ್ದಕ್ಕಿದ್ದಂತೆ ನಿಂತು ರೋಗಿ ಸುಸ್ತಾದರೆ ಗುಣವಾಯಿತೆಂದು ತಿಳಿಯಬೇಡಿ, ಗಾಳಿಯೇ ಓಡಾಡುತ್ತಿಲ್ಲ ಎಂದು ಅದರ ಅರ್ಥ. ಮನೆಯಲ್ಲಿ ಆಕ್ಸಿಜನ್ ಇರುವ ಸಿ.ಓ.ಪಿ.ಡಿ. ರೋಗಿಗಳಿಗೆ ವೈದ್ಯರು ಹೇಳಿದ್ದಕ್ಕಿಂತ ಹೆಚ್ಚು ಮಾಡಬೇಡಿ, ಅದರಿಂದಲೂ ಮಂಪರು ಬರುತ್ತದೆ.

ಮುಂದಿನ ಭೇಟಿಗೆ ಬರುವಾಗ ಹಳೆಯ ಚೀಟಿಯ ಜೊತೆಗೆ ನಿಮ್ಮ ಎಲ್ಲ ಪಂಪು, ಸ್ಪೇಸರ್, ಕ್ಯಾಪ್ಸೂಲಿನ ಸಾಧನ, ಖಾಲಿ ಡಬ್ಬಿ ಸಹಿತ ಒಂದು ಚೀಲದಲ್ಲಿ ತನ್ನಿ. ವೈದ್ಯರು ಕೇಳದಿದ್ದರೂ "ನಾನು ಎಳೆಯುವುದನ್ನು ಒಮ್ಮೆ ನೋಡಿ" ಎಂದು ನೀವೇ ಕೇಳಿಕೊಳ್ಳಿ.